ಪಾಸಾಗುವಷ್ಟು ಗಣಿತ

ಡಿಸೆಂಬರ್ ಬಂತೆಂದರೆ ನಮ್ಮ ಹೈಸ್ಕೂಲಿನಲ್ಲಿ ಹತ್ತನೇ ತರಗತಿಯ ಮಕ್ಕಳನ್ನು ಕಾಳು ಹಸನು ಮಾಡಿದ ಹಾಗೆ ಬೇರೆ ಬೇರೆ ಮಾಡುತ್ತೇವೆ. ಚೆನ್ನಾಗಿ ಓದುವವರು ಎ ಗುಂಪು. ನಡುವಿನವರು ಬಿ. ಫೇಲಾದಾರು ಎಂಬ ಹೆದರಿಕೆ ಹುಟ್ಟಿಸುವವರು ಸಿ. ಎ ಗುಂಪಿಗೆ ಇಡೀ ಪುಸ್ತಕ, ಬಿ ಗುಂಪಿಗೆ ಮುಕ್ಕಾಲು ಪುಸ್ತಕ, ಸಿ ಗುಂಪಿಗೆ ಪಾಸಿಂಗ್ ಪ್ಯಾಕೇಜ್. ಈ ಮಾತು ನಮ್ಮ ಕಡೆ ಶಿಕ್ಷಕರಿಗಷ್ಟೇ ಅಲ್ಲ, ಕಿರಾಣಿ ಅಂಗಡಿಯವರಿಗೂ ಗೊತ್ತು. ಪರೀಕ್ಷೆಯಲ್ಲಿ ವರ್ಷವರ್ಷವೂ ತಪ್ಪದೆ ಬರುವ ಪ್ರಶ್ನೆಗಳನ್ನು ಆರಿಸಿ, ಅಷ್ಟನ್ನೇ ಬಾಯಿಪಾಠ ಮಾಡಿಸಿ, ಅಷ್ಟನ್ನೇ ಬರೆಸಿ ಬರೆಸಿ, ಮಗುವನ್ನು ಹೇಗಾದರೂ ಪಾಸಿನ ಗೆರೆ ದಾಟಿಸುವ ಉಪಾಯ ಅದು. ಗಣಿತದಲ್ಲಾದರೆ ಒಂದು ನಕ್ಷೆ, ಒಂದು ರಚನೆ, ಒಂದು ಪ್ರಮೇಯ, ಸೂತ್ರ ಹಾಕಿದರೆ ಉತ್ತರ ಬೀಳುವ ನಾಲ್ಕಾರು ಲೆಕ್ಕ. ಸಿ ಗುಂಪಿನ ಕೋಣೆಯಲ್ಲಿ ಯಾರಾದರೂ ಅದನ್ನು ಬಿಟ್ಟು ಮುಂದಿನ ಪುಟ ತೆರೆದರೆ, "ಅದು ಬ್ಯಾಡ, ನಿನಗ ಇಷ್ಟು ಸಾಕು," ಎನ್ನುತ್ತೇವೆ. ನಾನೂ ಎನ್ನುತ್ತೇನೆ.

ನಾನು ಗಣಿತದ ಶಿಕ್ಷಕಿ. ಮನೆ ರೋಣದಲ್ಲಿ, ಶಾಲೆ ಗಜೇಂದ್ರಗಡದ ಕಡೆಗೆ ಹೋಗುವ ರಸ್ತೆಯ ಒಂದು ಹಳ್ಳಿಯಲ್ಲಿ. ಬೆಳಗಿನ ಬಸ್ಸಿನಲ್ಲಿ ನಿಂತೇ ಹೋಗುತ್ತೇನೆ, ಸಂಜೆಯ ಬಸ್ಸಿನಲ್ಲಿ ಪುಣ್ಯವಿದ್ದರೆ ಕೂತು ಬರುತ್ತೇನೆ. ನಮ್ಮ ಶಾಲೆಯ ಗಣಿತದ ಪ್ಯಾಕೇಜ್ ತಯಾರಿಸುವವಳು ನಾನೇ, ಅದನ್ನು ಬೈಯುವವಳೂ ನಾನೇ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೇಳುತ್ತಾರೆ. ನಾನು ಒಳಗೆ ಕಾಲಿಟ್ಟ ಕೂಡಲೇ ಮಾತು ಬದಲಿಸುತ್ತಾರೆ. ಬದಲಿಸಲಿ, ನನಗೇನು.

ಕಲಿಸುವ ವಿಧಾನಗಳಿಗೆ ನಮ್ಮಲ್ಲಿ ಬರವಿಲ್ಲ. ಗುಂಪು ಚಟುವಟಿಕೆ ಇದೆ, ಜೋಡಿ ಕಲಿಕೆ ಇದೆ, ಚಾರ್ಟು ಇದೆ, ಮಾದರಿ ಇದೆ, ಕರೆಂಟು ಇದ್ದಾಗ ಹತ್ತುವ ದೊಡ್ಡ ಟಿವಿ ಗೋಡೆಯ ಮೇಲಿದೆ. ಒಮ್ಮೆ ನಮ್ಮನ್ನೆಲ್ಲ ತರಬೇತಿಗೆ ಕರೆದಿದ್ದರು. ಮಕ್ಕಳು ಸುಮ್ಮನೆ ಕೂತು ಕೇಳಿದರೆ ಏನೂ ಕಲಿಯುವುದಿಲ್ಲ ಎಂಬುದನ್ನು, ನಮ್ಮನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ಸುಮ್ಮನೆ ಕೂರಿಸಿ ಹೇಳಿದರು. ಪಕ್ಕದಲ್ಲಿದ್ದ ಹಿರಿಯ ಶಿಕ್ಷಕಿಯೊಬ್ಬರು ಕಣ್ಣು ಉಜ್ಜಿಕೊಂಡು, "ಖರೇನ ಐತಿ ನೋಡವಾ. ನಾ ಅಂತೂ ಏನೂ ಕಲೀಲಿಲ್ಲ," ಎಂದರು. ನಕ್ಕೆವು. ಆದರೆ ಅಲ್ಲಿ ಹೇಳಿದ್ದೇನೂ ಸುಳ್ಳಲ್ಲ. ತೊಂದರೆ ಇರುವುದು ಬೇರೆ ಕಡೆ. ಜೂನ್ ತಿಂಗಳಲ್ಲಿ ಆಡಿಸಿ, ನಗಿಸಿ, ಯೋಚನೆಗೆ ಹಚ್ಚಿ ಕಲಿಸಿರಿ ಎನ್ನುವವರೇ ಜನವರಿಯಲ್ಲಿ ಎಷ್ಟು ಮಂದಿ ಪಾಸಾಗುತ್ತಾರೆ ಹೇಳಿ ಎನ್ನುತ್ತಾರೆ. ಆಗ ಚಾರ್ಟುಗಳು ಬೀರು ಸೇರುತ್ತವೆ, ಪ್ಯಾಕೇಜ್ ಹೊರಗೆ ಬರುತ್ತದೆ.

ನನ್ನದೂ ಒಂದು ವಿಧಾನ ಇದೆ. ಅದು ತರಬೇತಿಯಿಂದ ಬಂದದ್ದಲ್ಲ, ನರಗುಂದದಿಂದ ಬಂದದ್ದು. ನಾನು ಹುಟ್ಟಿದ್ದು ಶಿರೋಳದಲ್ಲಿ, ಹೈಸ್ಕೂಲಿಗೆ ನರಗುಂದಕ್ಕೆ ಹೋಗುತ್ತಿದ್ದೆ. ಅಲ್ಲಿ ನಮಗೆ ಗಣಿತ ಹೇಳುತ್ತಿದ್ದ ಮಾಸ್ತರರು ಸರಿ ಉತ್ತರ ಬರೆದವರನ್ನು ಅಲ್ಲೇ ಬಿಟ್ಟು, ತಪ್ಪಿದವರನ್ನೇ ಹಲಗೆಗೆ ಕರೆಯುತ್ತಿದ್ದರು. "ನೀ ಇಲ್ಲೀತನಕ ಹ್ಯಾಂಗ ಬಂದಿ, ಆ ಹಾದಿ ಹೇಳು," ಎನ್ನುತ್ತಿದ್ದರು. ಬಡಿಯುತ್ತಿರಲಿಲ್ಲ, ಹಂಗಿಸುತ್ತಿರಲಿಲ್ಲ. ಕೈಕಟ್ಟಿಕೊಂಡು ಕಿಟಕಿಯ ಬಳಿ ನಿಂತು ಕೇಳುತ್ತಿದ್ದರು. ನಾವು ನಮ್ಮ ತಪ್ಪಿನ ಹಾದಿಯನ್ನು ಹೇಳುತ್ತ ಹೋದಂತೆ ಎಲ್ಲೋ ಒಂದು ಕಡೆ ನಾಲಿಗೆ ತೊಡರುತ್ತಿತ್ತು. ತಪ್ಪು ಅಲ್ಲೇ ಕೂತಿರುತ್ತಿತ್ತು. "ಸಿಕ್ಕಿತಲ್ಲ? ಈಗ ಹೋಗಿ ಕೂಡ್ರು," ಎಂದು ಅವರು ಮುಂದಿನವರನ್ನು ಕರೆಯುತ್ತಿದ್ದರು. ನಾನು ಗಣಿತದವಳಾದದ್ದು ಅವರಿಂದ. ಅವರ ವಿಧಾನಕ್ಕೆ ಒಂದೇ ಕೊರತೆ: ಅದಕ್ಕೆ ಪುರುಸೊತ್ತು ಬೇಕು. ಡಿಸೆಂಬರ್ ನಂತರ ನಮ್ಮಲ್ಲಿ ಎಲ್ಲವೂ ಇರುತ್ತದೆ, ಪುರುಸೊತ್ತು ಮಾತ್ರ ಇರುವುದಿಲ್ಲ.

ಹೋದ ವರ್ಷದ ಸಿ ಗುಂಪಿನಲ್ಲಿ ಒಬ್ಬ ಹುಡುಗಿ ಇದ್ದಳು. ಅವಳ ಅಪ್ಪ ಬಳೆ ವ್ಯಾಪಾರದವರು. ರೋಣ, ಗಜೇಂದ್ರಗಡದ ಸಂತೆಗಳಲ್ಲಿ ಬಳೆ ಹರವಿಕೊಂಡು ಕೂರುತ್ತಾರೆ. ತಾಯಿ ಮನೆಯಲ್ಲೇ ಊರ ಹೆಂಗಸರಿಗೆ ಬಳೆ ತೊಡಿಸುತ್ತಾಳೆ. ಹುಡುಗಿ ತರಗತಿಯಲ್ಲಿ ಇದ್ದರೂ ಇಲ್ಲದ ಹಾಗೆ ಇರುತ್ತಿದ್ದಳು. ಕೇಳಿದ್ದಕ್ಕೆ ತಲೆ ತಗ್ಗಿಸಿ ಉತ್ತರ, ಕೇಳದಿದ್ದರೆ ಅದೂ ಇಲ್ಲ. ಉಳಿದ ವಿಷಯಗಳಲ್ಲಿ ಪರವಾಗಿಲ್ಲ, ವಿಜ್ಞಾನದಲ್ಲಿ ಚೆನ್ನಾಗಿಯೇ ಬರೆಯುತ್ತಿದ್ದಳು. ಗಣಿತದಲ್ಲಿ ಮಾತ್ರ ಪ್ರತಿ ಪರೀಕ್ಷೆಯಲ್ಲೂ ಮುಗ್ಗರಿಸುತ್ತಿದ್ದಳು. ಒಂದು ವಿಷಯದಲ್ಲಿ ಹೋದರೂ ಫೇಲು ಫೇಲೇ. ಹಾಗಾಗಿ ಅವಳು ಸಿ ಗುಂಪು.

ಅವಳಿಗೆ ಒಂದು ಆಸೆ ಇದೆ ಎಂಬುದು ನನಗೆ ತಿಳಿದದ್ದು ಜನವರಿಯ ಮೊದಲ ವಾರದಲ್ಲಿ. ತಾಯಿಯನ್ನು ದವಾಖಾನೆಗೆ ಕರೆದುಕೊಂಡು ಹೋಗಲು ಅರ್ಧ ದಿನದ ರಜೆ ಕೇಳಲು ಬಂದಿದ್ದಳು. ತಾಯಿಗೆ ಸಕ್ಕರೆ ಕಾಯಿಲೆ, ರೋಣಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಬೇಕು. ನಾನು ಎಂದಿನಂತೆ ಗದರಿದೆ. "ಮನ್ಯಾಗ ಬ್ಯಾರೇ ಯಾರೂ ಇಲ್ಲೇನು? ಪರೀಕ್ಷಾ ಬಂದು ಬಾಗಲಾಗ ನಿಂತೈತಿ."

"ನಾನ ಹೋಗ್ತೀನ್ರಿ ಟೀಚರ್," ಎಂದಳು. "ಅಲ್ಲಿ ರಕ್ತ ತಗ್ಯಾಕ ಒಬ್ರು ಅಕ್ಕ ಅದಾರ್ರಿ. ಒಂದು ಹನಿ ಗಾಜಿನ ಪಟ್ಟಿ ಮ್ಯಾಲೆ ಹಚ್ಚಿ ನೋಡಿ, ಒಳಗ ಏನೇನು ಆಗೇತಿ ಎಲ್ಲಾ ಹೇಳ್ತಾರ್ರಿ. ನಂಗೂ ಒಮ್ಮೆ ತೋರಿಸಿದ್ರು." ಅಷ್ಟು ಮಾತನ್ನು ಅವಳ ಬಾಯಿಂದ ನಾನು ಅದುವರೆಗೆ ಕೇಳಿರಲಿಲ್ಲ. ಆಮೇಲೆ, "ನಾನೂ ಅದನ್ನ ಕಲೀಬೇಕ್ರಿ. ಸೈನ್ಸಿಗೆ ಹೋಗಬೇಕ್ರಿ," ಎಂದಳು.

ಅವಳ ಅಪ್ಪ ಅದಕ್ಕೆ ಒಪ್ಪಿದ್ದರು, ಒಂದು ಮಾತಿನ ಮೇಲೆ. ರೋಣದ ಸರಕಾರಿ ಕಾಲೇಜಿನಲ್ಲಿ ಸೈನ್ಸ್ ಸೀಟು ಸಿಕ್ಕರೆ ಹೋಗಬಹುದು, ಬಸ್ಸು ಊರ ಮುಂದೆಯೇ ನಿಲ್ಲುತ್ತದೆ. ಸಿಗದಿದ್ದರೆ ಅದೇ ಕಾಲೇಜಿನಲ್ಲಿ ಆರ್ಟ್ಸ್. ಅದಕ್ಕಿಂತ ದೂರ ಇಲ್ಲ. ಅಲ್ಲಿ ಸೈನ್ಸಿಗೆ ನೂಕುನುಗ್ಗಲು. ಗಣಿತದಲ್ಲಿ ಕಷ್ಟಪಟ್ಟು ಪಾಸಾದವರನ್ನು ಯಾರೂ ಕರೆದು ಕೂರಿಸುವುದಿಲ್ಲ. ನಾನು ಕೊಟ್ಟ ಪ್ಯಾಕೇಜನ್ನು ಅವಳು ಒಂದಕ್ಷರ ಬಿಡದೆ ಬರೆದರೂ ಪಾಸಾಗುತ್ತಿದ್ದಳೇ ಹೊರತು ಸೀಟು ಸಿಗುತ್ತಿರಲಿಲ್ಲ. ಇದು ಅವಳಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ರಜೆ ಕೊಟ್ಟು ಕಳಿಸಿದೆ. ಮನಸ್ಸು ಮಾತ್ರ ಅವತ್ತೆಲ್ಲ ಕಿರಿಕಿರಿ ಮಾಡಿತು.

ಎಳ್ಳಮಾವಾಸ್ಯೆಯ ಮರುದಿನ ನಮ್ಮ ಕಡೆ ಶಾಲೆ ಅರ್ಧ ಖಾಲಿ ಇರುತ್ತದೆ. ಹಿಂದಿನ ದಿನ ಹೊಲಕ್ಕೆ ಬುತ್ತಿ ಒಯ್ದು, ಭೂಮಿತಾಯಿಗೆ ಎಡೆಯೆಂದು ಚರಗ ಚೆಲ್ಲಿ, ಹೊಟ್ಟೆ ತುಂಬ ಉಂಡ ಮಕ್ಕಳು ಮರುದಿನ ಮೆಲ್ಲಗೆ ಬರುತ್ತಾರೆ. ಬಂದವರ ಚೀಲದಲ್ಲಿ ಪುಸ್ತಕಕ್ಕಿಂತ ಹಸಿ ಕಡಲೆಯ ಗಿಡ ಹೆಚ್ಚಿರುತ್ತದೆ. ಅಂಥ ದಿನ ನನಗೆ ಪುರುಸೊತ್ತು ಸಿಕ್ಕಿತು. ಅವಳನ್ನು ಹಲಗೆಗೆ ಕರೆದೆ. ಎಂಟರಲ್ಲಿ ಎಕ್ಸ್ ಮೈನಸ್ ಮೂರನ್ನು ಕಳೆಯಬೇಕು, ಆವರಣ ಬಿಡಿಸು ಎಂದೆ. ಅವಳು ಎಂಟು ಮೈನಸ್ ಎಕ್ಸ್ ಮೈನಸ್ ಮೂರು ಎಂದು ಬರೆದಳು.

ಬೈಯಲು ಬಾಯಿ ತೆರೆದವಳು ನರಗುಂದದ ಕಿಟಕಿ ನೆನಪಾಗಿ ಬಾಯಿ ಮುಚ್ಚಿದೆ. "ಹ್ಯಾಂಗ ಬಂತು? ಹಾದಿ ಹೇಳು."

"ಮುಂದ ಮೈನಸ್ ಐತ್ರಿ. ಹಂಗಾಗಿ ಎಕ್ಸ್ ಹೋತು. ಆಮ್ಯಾಲೆ ಮೂರಕ್ಕೂ ಮೈನಸ್ ಐತ್ರಿ. ಅದೂ ಹೋತು."

ಎಲ್ಲವೂ ಹೋಯಿತು. ಏಳನೇ ತರಗತಿಯಿಂದ ಈ ಹುಡುಗಿ ಆವರಣ ಕಂಡಲ್ಲೆಲ್ಲ ಎಲ್ಲವನ್ನೂ ಕಳೆದುಕೊಂಡೇ ಬಂದಿದ್ದಳು. ಬೀಜಗಣಿತದ ಪ್ರತಿಯೊಂದು ಲೆಕ್ಕವೂ ಈ ಒಂದು ಕಡೆ ಮುರಿದು ಬೀಳುತ್ತಿತ್ತು. ನಾವು ಅವಳ ಉತ್ತರ ನೋಡಿದ್ದೆವು, ಗೀಟು ಎಳೆದಿದ್ದೆವು, ಹಾದಿ ಕೇಳಿರಲಿಲ್ಲ. ನಿಯಮ ಹೇಳಿದರೆ ಅದನ್ನೂ ಬಾಯಿಪಾಠ ಮಾಡಿಯಾಳು ಎಂದು ನಾನು ಬಳೆಯ ಲೆಕ್ಕಕ್ಕೆ ಬಂದೆ. "ಪೆಟ್ಟಿಗ್ಯಾಗ ನಲವತ್ತು ಬಳಿ ಅದಾವ. ಒಬ್ಬಾಕಿ ಒಂದು ಡಜನ್ ತಗೊಂಡ್ಲು. ಅಳತಿ ಆಗಲಿಲ್ಲಂತ ಎರಡು ವಾಪಸ್ ಕೊಟ್ಲು. ಈಗ ಪೆಟ್ಟಿಗ್ಯಾಗ ಎಷ್ಟು?"

"ಮೂವತ್ತು," ಎಂದಳು, ಯೋಚಿಸದೆ.

"ಹಲಗಿ ಮ್ಯಾಲೆ ನಿನ್ನ ಲೆಕ್ಕದಂಗ ಬರದು ನೋಡು."

ನಲವತ್ತರಲ್ಲಿ ಹನ್ನೆರಡು ಕಳೆದಳು, ಎರಡನ್ನೂ ಕಳೆದಳು. ಇಪ್ಪತ್ತಾರು ಬಂತು. ಹಲಗೆಯನ್ನೇ ನೋಡುತ್ತ ನಿಂತಳು. ಆಮೇಲೆ ನನ್ನ ಕಡೆ ತಿರುಗಿ, "ನಾಕು ಬಳಿ ಎಲ್ಲಿ ಹೋದ್ವುರಿ ಟೀಚರ್?" ಎಂದಳು. ಹಿಂದಿನ ಬೆಂಚಿನಲ್ಲಿ ಕಡಲೆ ಸುಲಿಯುತ್ತಿದ್ದವರೂ ತಲೆ ಎತ್ತಿದರು. ನಾನು ಉತ್ತರ ಹೇಳಲಿಲ್ಲ. ಅವಳೇ ಕೈಯಲ್ಲಿ ಇಲ್ಲದ ಬಳೆಗಳನ್ನು ಕೊಟ್ಟು ತೆಗೆದುಕೊಂಡು ಮಾಡಿದಳು. "ವಾಪಸ್ ಬಂದಿದ್ದು ಮತ್ತ ಪೆಟ್ಟಿಗಿಗೇ ಬಂತಲ್ರಿ! ಅದನ್ನ ಕಳೀಬಾರದ್ರಿ, ಕೂಡಿಸಬೇಕ್ರಿ!" ಅವಳ ಧ್ವನಿ ಇಷ್ಟು ದೊಡ್ಡದಿದೆ ಎಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ಅವತ್ತು ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಬಸ್ಸಿನಲ್ಲಿ ಕಂಡಕ್ಟರನ ಜೊತೆ ಕೂಡ ನಗುನಗುತ್ತ ಮಾತಾಡಿದೆ, ಅವನಿಗೆ ಗಾಬರಿಯಾಗಿರಬೇಕು.

ಅಲ್ಲಿಂದ ಮುಂದೆ ಊಟದ ಬಿಡುವಿನಲ್ಲಿ ಅವಳು ನನ್ನ ಬಳಿ ಬರತೊಡಗಿದಳು. ಸಿ ಗುಂಪಿನ ಕೋಣೆಯಲ್ಲಿ ಪ್ಯಾಕೇಜ್, ಬಿಡುವಿನಲ್ಲಿ ಉಳಿದ ಪುಸ್ತಕ. ರೊಟ್ಟಿ ಮುರಿಯುತ್ತ ನಾನು ಲೆಕ್ಕ ಕೊಡುತ್ತಿದ್ದೆ, ಅವಳು ವರಾಂಡಕ್ಕೆ ಹಾಸಿದ ಫರಸಿ ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಬಿಡಿಸುತ್ತಿದ್ದಳು. ತಪ್ಪಿದರೆ ನಾನು ಕೇಳುವ ಮೊದಲೇ, "ಹಾದಿ ಹೇಳ್ತೀನಿ ತಡೀರಿ," ಎಂದು ತನಗೆ ತಾನೇ ಹೇಳಿಕೊಂಡು ಹಿಂದಕ್ಕೆ ಹೋಗುತ್ತಿದ್ದಳು. ಎಲ್ಲ ಬಂತು ಎಂದು ಹೇಳಲಾರೆ. ತ್ರಿಕೋನಮಿತಿ ಅವಳಿಗೆ ಕೊನೆಯವರೆಗೂ ಒಲಿಯಲಿಲ್ಲ. ಆದರೆ ಫೆಬ್ರವರಿಯಲ್ಲಿ ಒಂದು ಇಡೀ ಪ್ರಶ್ನೆಪತ್ರಿಕೆಯನ್ನು ಅವಳಿಂದ ಬರೆಸಿದಾಗ ಬಿ ಗುಂಪಿನ ಅನೇಕರಿಗಿಂತ ಚೆನ್ನಾಗಿ ಬರೆದಳು. ಅದನ್ನು ಹಿಡಿದುಕೊಂಡು ನಾನು ಹೆಡ್‌ಮಾಸ್ತರರ ಕೋಣೆಗೆ ಹೋದೆ.

ನಮ್ಮ ಹೆಡ್‌ಮಾಸ್ತರರು ಕೆಟ್ಟವರಲ್ಲ. ಮಕ್ಕಳ ಮೇಲೆ ಜೀವ ಇಟ್ಟವರು. ಪರೀಕ್ಷೆ ಹತ್ತಿರ ಬಂದಾಗ ನಸುಕಿನಲ್ಲೇ ಸಿ ಗುಂಪಿನ ಒಬ್ಬೊಬ್ಬರ ಮನೆಗೂ ಫೋನ್ ಮಾಡಿ ಎಬ್ಬಿಸುತ್ತಾರೆ. ಆದರೆ ಗದಗಿನ ಸಭೆಗಳಲ್ಲಿ ಎದ್ದು ನಿಂತು ಫಲಿತಾಂಶಕ್ಕೆ ಉತ್ತರ ಕೊಡಬೇಕಾದವರೂ ಅವರೇ. ನಾನು ಕೊಟ್ಟ ಪತ್ರಿಕೆಯನ್ನು ತಿರುವಿ ತಿರುವಿ ನೋಡಿದರು.

"ಚಲೋ ಬರದಾಳ," ಎಂದರು. "ಆದ್ರ ಈಗ ಗುಂಪು ಬದಲಿ ಮಾಡೂದು ಬ್ಯಾಡ ಮೇಡಂ."

"ಯಾಕ್ರಿ ಸರ್?"

"ಸಿ ಗುಂಪಿನಾಗ ಆಕಿ ಪಾಸಾಗೂದು ಖಾತ್ರಿ ಐತಿ. ಬಿ ಗುಂಪಿಗೆ ಹಾಕಿದ್ರ ಎಲ್ಲಾ ಓದಬೇಕು. ಎಲ್ಲಾ ಓದಾಕ ಹೋಗಿ ಇದ್ದದ್ದೂ ಮರತ್ರ? ಹೋದ ಸಲ ಒಬ್ಬಾಂವನ್ನ ಹಿಂಗ ಮ್ಯಾಲೆ ಹಾಕಿದ್ವಿ. ಏನಾತು? ಹಾಲ್‌ನಾಗ ಗಾಬರಿಯಾಗಿ ಬರೇ ಖಾಲಿ ಹಾಳಿ ಕೊಟ್ಟು ಬಂದ. ಇನ್ನೂ ಅವರಪ್ಪ ನನ್ನ ಮಾರಿ ನೋಡಾಂಗಿಲ್ಲ." ಪತ್ರಿಕೆಯನ್ನು ನನ್ನ ಕಡೆಗೆ ಸರಿಸಿ, "ಹಾಸಿಗಿ ಇದ್ದಷ್ಟ ಕಾಲು ಚಾಚಬೇಕು ಮೇಡಂ," ಎಂದರು.

"ಹಾಸಿಗಿ ಹೊಲಿಯೋರು ನಾವ ಅಲ್ಲೇನ್ರಿ ಸರ್?" ಎಂದೆ. ನನ್ನ ಧ್ವನಿ ಹೊರಗೆ ಹೋಗಿರಬೇಕು, ಬಾಗಿಲ ಬಳಿ ಇದ್ದ ಗುಮಾಸ್ತರು ಇಣುಕಿ ನೋಡಿದರು. ಹೆಡ್‌ಮಾಸ್ತರರು ಸಿಟ್ಟಾಗಲಿಲ್ಲ. ಅವರು ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು. "ಆಕಿ ಫೇಲಾದ್ರ ನೀವು ಜವಾಬ್ದಾರಿ ತಗೋತೀರೇನು?" ಎಂದು ಮೆಲ್ಲಗೆ ಕೇಳಿದರು. ಆ ಖಾಲಿ ಹಾಳೆಯ ಹುಡುಗನನ್ನು ನಾನೂ ಬಲ್ಲೆ. ಗಟ್ಟಿಯಾಗಿ ಹೂಂ ಎನ್ನಲು ನನ್ನಿಂದ ಆಗಲಿಲ್ಲ. ಕೊನೆಗೆ ಇಬ್ಬರೂ ನಡುವಿನ ಒಂದು ದಾರಿಗೆ ಬಂದೆವು: ಹೆಸರು ಸಿ ಗುಂಪಿನಲ್ಲೇ ಇರಲಿ, ಉಳಿದದ್ದನ್ನು ನಾನು ಬಿಡುವಿನಲ್ಲಿ ಕಲಿಸುತ್ತಿರಲಿ. ಎಲ್ಲರಿಗೂ ಒಪ್ಪಿಗೆಯಾದ ದಾರಿ. ಹುಡುಗಿಯನ್ನು ಕೇಳಬೇಕೆಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಪರೀಕ್ಷೆಗೆ ಮುಂಚಿನ ದಿನ ಹೆಡ್‌ಮಾಸ್ತರರು ಸಿ ಗುಂಪನ್ನು ಬೇವಿನ ಮರದ ಕೆಳಗೆ ಕೂರಿಸಿ ಬುದ್ಧಿ ಹೇಳಿದರು. "ಪತ್ರಿಕಿ ಕೈಗೆ ಬಂದ ಕೂಡ್ಲೇ ನಿಮ್ಮ ಪ್ರಶ್ನೆ ಹುಡುಕ್ರಿ. ಅವನ್ನ ನೀಟಾಗಿ ಬರೀರಿ. ಬ್ಯಾರೇ ಕಡೆ ಕಣ್ಣು ಹಾಕಬ್ಯಾಡ್ರಿ. ಕಣ್ಣು ಹಾಕಿದ್ರ ತಲಿ ಕೆಡತೈತಿ. ನಿಮಗ ಇಷ್ಟು ಸಾಕು. ತಿಳೀತಿಲ್ಲೋ?" ಮಕ್ಕಳು ಒಂದೇ ಧ್ವನಿಯಲ್ಲಿ "ತಿಳೀತ್ರಿ ಸರ್" ಎಂದರು. ಅವಳೂ ಎಂದಳು. ಮಕ್ಕಳು ಚದುರಿದ ಮೇಲೆ ನಾನು ಅವಳನ್ನು ಕರೆದು, "ನಿನ್ನವು ಮುಗಿದ ಮ್ಯಾಲೆ ಉಳಿದವನ್ನೂ ಮಾಡವಾ," ಎಂದೆ. ತಲೆಯಾಡಿಸಿದಳು. ಅಷ್ಟೇ ಹೇಳಿದೆ. ಗಣಿತದ ಪರೀಕ್ಷೆಯ ದಿನ ಗಣಿತದವರನ್ನು ಕೇಂದ್ರದ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ನಾನು ಮನೆಯಲ್ಲಿ ಕೂತು ಒಂದು ಕೆಲಸವನ್ನೂ ನೆಟ್ಟಗೆ ಮಾಡಲಿಲ್ಲ. ಸಂಜೆ ಪ್ರಶ್ನೆಪತ್ರಿಕೆ ಮೊಬೈಲಿಗೆ ಬಂತು. ನೋಡಿ ಎದೆ ಹಗುರಾಯಿತು. ಅರ್ಧಕ್ಕಿಂತ ಹೆಚ್ಚು ಅವಳು ಫರಸಿ ಕಲ್ಲಿನ ಮೇಲೆ ಬಿಡಿಸಿದಂಥವೇ ಲೆಕ್ಕಗಳು. ತಾಯಿ ಮಗಳ ವಯಸ್ಸಿನದೊಂದು ಲೆಕ್ಕವಂತೂ ಅವಳಿಗೆಂದೇ ಬರೆದಂತಿತ್ತು.

ಫಲಿತಾಂಶ ಬಂದಾಗ ನಮ್ಮ ಶಾಲೆಯ ಸಿ ಗುಂಪಿನವರೆಲ್ಲ ಪಾಸಾಗಿದ್ದರು. ಹೆಡ್‌ಮಾಸ್ತರರು ಪೇಡೆ ತರಿಸಿದರು. ಅವರ ಕಣ್ಣುಗಳು ಒದ್ದೆಯಾಗಿದ್ದವು, ಸುಳ್ಳು ಹೇಳಬಾರದು. ನಾನು ಮೊಬೈಲಿನಲ್ಲಿ ಅವಳ ಅಂಕ ನೋಡಿದೆ. ವಿಜ್ಞಾನದಲ್ಲಿ ಚೆನ್ನಾಗಿತ್ತು. ಗಣಿತದಲ್ಲಿ ಪಾಸಿನ ಗೆರೆಯ ಮೇಲೆ ಹೇಗೋ ಕೂತಿದ್ದಳು. ಪ್ಯಾಕೇಜಿಗೆ ಎಷ್ಟು ಬರಬೇಕೋ ಅಷ್ಟೇ. ಪೇಡೆ ಬಾಯಲ್ಲಿ ಮಣ್ಣಿನಂತಾಯಿತು.

ಅವಳು ಪೇಡೆ ತೆಗೆದುಕೊಂಡು ಹೋಗಲು ಬಂದಿದ್ದಳು. ವರಾಂಡದಲ್ಲಿ ಕೂರಿಸಿದೆ. ಆ ಪತ್ರಿಕೆಯ ತಾಯಿ ಮಗಳ ಲೆಕ್ಕ ಓದಿ ಹೇಳಿ ಸೀಮೆಸುಣ್ಣ ಕೊಟ್ಟೆ. ಇಬ್ಬರ ವಯಸ್ಸು ಕೂಡಿದರೆ ನಲವತ್ತೈದು, ಐದು ವರ್ಷದ ಹಿಂದಿನ ವಯಸ್ಸುಗಳನ್ನು ಗುಣಿಸಿದರೆ ನೂರಾ ಇಪ್ಪತ್ನಾಲ್ಕು. 'ಬಂದಿಲ್ರಿ' ಎನ್ನುತ್ತಾಳೆ ಎಂದುಕೊಂಡಿದ್ದೆ. ಹಾಗೆ ಅಂದಿದ್ದರೆ ಒಳ್ಳೆಯದಿತ್ತು. ಅವಳು ಬಾಗಿ ಕೂತು ಬರೆದಳು. ಆವರಣ ಬಿಡಿಸಿದಳು. ಮೈನಸ್ಸಿಗೆ ಮೈನಸ್ ಸೇರುವ ಜಾಗದಲ್ಲಿ ಒಂದು ಕ್ಷಣ ನಿಂತು ಪ್ಲಸ್ ಹಾಕಿದಳು. ತಾಯಿಗೆ ಮೂವತ್ತಾರು, ಮಗಳಿಗೆ ಒಂಬತ್ತು. ತಾಳೆಯನ್ನೂ ನೋಡಿದಳು. ಎಲ್ಲ ಸರಿ.

"ಇದು ಬರತಿತ್ತಲ್ಲ ನಿನಗ? ಮತ್ತ ಯಾಕ ಬರೀಲಿಲ್ಲ?"

"ಅದು ಬಿ ಗುಂಪಿನವರದ್ರಿ ಟೀಚರ್."

ನನಗೆ ಮೊದಲು ಅರ್ಥವಾಗಲಿಲ್ಲ. "ಪ್ರಶ್ನೆಪತ್ರಿಕ್ಯಾಗ ಎಲ್ಲಿ ಬಿ ಗುಂಪು ಸಿ ಗುಂಪು? ಎಲ್ಲಾರಿಗೂ ಒಂದ ಪತ್ರಿಕಿ!"

"ಹೌದ್ರಿ. ಆದ್ರ ನಮ್ಮ ಪ್ರಶ್ನೆ ಬ್ಯಾರೇ ಅಲ್ರಿ? ಬ್ಯಾರೇ ಕಡೆ ಕಣ್ಣು ಹಾಕಬ್ಯಾಡ್ರಿ ಅಂದಿದ್ರು ಸರ್. ನಮ್ಮವು ಲಗೂನ ಮುಗದುವ್ರಿ. ಆಮ್ಯಾಲೆ ತಪ್ಪು ಏನರ ಐತೇನು ಅಂತ ಅವನ್ನ ಮತ್ತ ಮತ್ತ ನೋಡಕೋತ ಕುಂತಿನ್ರಿ."

"ಉಳಿದವನ್ನೂ ಮಾಡು ಅಂತ ನಾ ಹೇಳಿದ್ದಿಲ್ಲೇನು?"

ಅವಳು ಕಲ್ಲಿನ ಮೇಲಿನ ಬರಹವನ್ನು ಅಂಗೈಯಿಂದ ಒರೆಸುತ್ತ, "ನೀವು ಕಲಿಸಿದ್ದು ಊಟದ ಬಿಡುವಿನ ಲೆಕ್ಕ ಅಲ್ಲೇನ್ರಿ?" ಎಂದಳು. "ಅದು ಪರೀಕ್ಷಾಕ್ಕ ಬೇಕಾಗಿದ್ರ ಸಿ ಗುಂಪಿನಾಗನ ಕಲಿಸ್ತಿದ್ರಿ ಅಂತ ಬಿಟ್ಟೆ. ತಪ್ಪಾತೇನ್ರಿ ಟೀಚರ್?"

ಅವಳು ಹಾದಿಯನ್ನು ಹೇಳಿದ್ದಳು, ಎಲ್ಲಿಯೂ ನಾಲಿಗೆ ತೊಡರಿರಲಿಲ್ಲ. ಪರೀಕ್ಷೆಯ ಕೋಣೆಯಲ್ಲಿ, ತನಗೆ ಬರುವ ಲೆಕ್ಕಗಳನ್ನು ಎದುರಿಗಿಟ್ಟುಕೊಂಡು, ಪರರ ಹೊಲದ ಬೆಳೆಗೆ ಕೈ ಹಾಕಬಾರದು ಎನ್ನುವ ಹುಡುಗಿಯಂತೆ ಸುಮ್ಮನೆ ಕೂತಿದ್ದಾಳೆ. ಅವತ್ತು "ತಪ್ಪು ನಿಂದಲ್ಲ ತಗೋ," ಎಂದೆ. ಒಳಗೆ ಹೋಗಿ ಹೆಡ್‌ಮಾಸ್ತರರಿಗೆ ಎಲ್ಲವನ್ನೂ ಹೇಳಿದೆ. ಅವರು ಕೈಯಲ್ಲಿದ್ದ ಪೇಡೆಯನ್ನು ಡಬ್ಬಿಗೆ ವಾಪಸು ಇಟ್ಟರು.

ಆದರೆ ದಾರಿ ಪೂರ್ತಿ ಮುಚ್ಚಿರಲಿಲ್ಲ. ಈಗ ವರ್ಷದಲ್ಲಿ ಮೂರು ಸಲ ಪರೀಕ್ಷೆ ನಡೆಯುತ್ತದೆ, ಅಂಕ ಸಾಲದೆಂದರೆ ಪಾಸಾದವರೂ ಎರಡನೇ ಸಲ ಬರೆಯಬಹುದು. ಮೊದಲಿನದೇ ಹೆಚ್ಚಿದ್ದರೆ ಅದೇ ಉಳಿಯುತ್ತದೆ, ಕಳೆದುಕೊಳ್ಳುವುದು ಏನೂ ಇಲ್ಲ. ಮರುದಿನವೇ ನಾನೂ ಹೆಡ್‌ಮಾಸ್ತರರೂ ಅವಳ ಮನೆಗೆ ಹೋದೆವು. ಮನೆಯಲ್ಲಿ ಮಗಳು ಪಾಸಾದ ಸಂಭ್ರಮ ಇನ್ನೂ ಇಳಿದಿರಲಿಲ್ಲ. ತಾಯಿ ಚಹಾ ಮಾಡಿದಳು. ಸಕ್ಕರೆ ತಾನು ಮುಟ್ಟುವಂತಿಲ್ಲದ್ದರಿಂದಲೋ ಏನೋ ನಮಗೆ ಕೈತುಂಬ ಸುರಿದಿದ್ದಳು.

ಅವಳ ಅಪ್ಪ ನಾವು ಹೇಳಿದ್ದನ್ನೆಲ್ಲ ಕೇಳಿ ತಲೆ ಕೆರೆದುಕೊಂಡರು. "ಅಲ್ರಿ ಟೀಚರ್, ಪಾಸಾಗ್ಯಾಳಂತ ಓಣಿಗೆಲ್ಲಾ ಸಕ್ರಿ ಹಂಚೇವಿ. ಈಗ ಮತ್ತ ಪರೀಕ್ಷಾಕ್ಕ ಕುಂತ್ರ ಮಂದಿ ಏನಂತಾರ? ಫೇಲಾಗಿದ್ಲು, ಮುಚ್ಚಿಟ್ಟಿದ್ರು ಅಂತಾರ."

"ಮಂದಿ ಬಂದು ಆಕೀಗೆ ಸೀಟು ಕೊಡತಾರೇನ್ರಿ?" ಎಂದು ನಾನು ಜಗಳಕ್ಕೇ ನಿಂತೆ. ಹೆಡ್‌ಮಾಸ್ತರರು ನನ್ನನ್ನು ತಡೆದು, ತಾವೇ ಮೆಲ್ಲಗೆ ಹೇಳಿದರು. ಹುಡುಗಿಗೆ ಗಣಿತ ಚೆನ್ನಾಗಿ ಬರುತ್ತದೆ, ನಮ್ಮಿಂದಲೇ ಹೀಗಾಯಿತು, ಇನ್ನೊಮ್ಮೆ ಬರೆದರೆ ಸೈನ್ಸ್ ಸೀಟು ಸಿಕ್ಕೀತು. ಆ ಮನುಷ್ಯ ಹಾಗೆ ಇನ್ನೊಬ್ಬರ ಮನೆಯಲ್ಲಿ ಕೂತು 'ನಮ್ಮಿಂದಲೇ' ಎಂದದ್ದನ್ನು ನಾನು ಮರೆಯುವುದಿಲ್ಲ. ಅವಳ ಅಪ್ಪ ಹೆಂಡತಿಯ ಮುಖ ನೋಡಿದರು, ಹೆಂಡತಿ ತಲೆಯಾಡಿಸಿದಳು. ಕೊನೆಗೆ, "ಹಂಗಾದ್ರ ಆತು ತಗೋರಿ," ಎಂದರು. "ಆಕಿ ಹೂಂ ಅಂದ್ರ ನಂದೂ ಹೂಂ ಅನ್ರಿ."

ಎಲ್ಲರೂ ಅವಳ ಕಡೆ ತಿರುಗಿದೆವು. ಅವಳು ಮೂಲೆಯಲ್ಲಿ ಕೂತು ಹೊಸದಾಗಿ ಬಂದ ಬಳೆಗಳನ್ನು ಅಳತೆಯ ಪ್ರಕಾರ ದಾರಕ್ಕೆ ಪೋಣಿಸುತ್ತಿದ್ದಳು. ಈ ಸಲ ಅವಳನ್ನೇ ಕೇಳುತ್ತಿದ್ದೆವು. ನಾನು ಗೆದ್ದೆ ಎಂದುಕೊಂಡು ನಕ್ಕು, "ಹೇಳವಾ," ಎಂದೆ.

ಅವಳು ನನ್ನ ಮುಖ ನೋಡಿದಳು, ಹೆಡ್‌ಮಾಸ್ತರರ ಮುಖ ನೋಡಿದಳು. ನಾವಿಬ್ಬರೂ ತನ್ನ ಮನೆಗೆ ಬಂದು ಇಷ್ಟು ಕಷ್ಟಪಡುತ್ತಿದ್ದುದರಿಂದ ಅವಳಿಗೆ ಮುಜುಗರವಾಗಿತ್ತು. ನಮ್ಮನ್ನು ಸಮಾಧಾನ ಮಾಡುವವಳಂತೆ, ಬೇಸರವಿಲ್ಲದ ಧ್ವನಿಯಲ್ಲಿ ಹೇಳಿದಳು.

"ಬ್ಯಾಡ್ರಿ ಟೀಚರ್. ನನಗ ಇಷ್ಟು ಸಾಕ್ರಿ."

ಹೆಡ್‌ಮಾಸ್ತರರು ತಲೆ ತಗ್ಗಿಸಿದರು. ನಾನು ಇನ್ನೂ ಏನೇನೋ ಹೇಳಿದೆ, ಗದರಿದೆ, ಬೇಡಿಕೊಂಡೆ. ಅವಳು ಪ್ರತಿ ಸಲವೂ ಅದೇ ಮಾತನ್ನು ಅಷ್ಟೇ ವಿನಯದಿಂದ ಹೇಳಿದಳು. ಅದನ್ನು ಅವಳಿಗೆ ನಾವೆಲ್ಲ ಸೇರಿ ದಿನಾ ಹೇಳಿ ಹೇಳಿ ಕಲಿಸಿದ್ದೆವು, ಪಾಠ ಗಟ್ಟಿಯಾಗಿ ಕೂತಿತ್ತು. ತಣ್ಣಗಾದ ಚಹಾ ಕುಡಿದು ಎದ್ದೆವು. ರೋಣದ ಬಸ್ಸು ಆಗಲೇ ಊರ ಮುಂದೆ ಬಂದು ನಿಂತಿತ್ತು.